ಕಾಲರಿನೊಳಗಿನ ಕೆಂಪು ದಾರ

ಇಸ್ತ್ರಿ ಅಕ್ಕನಿಗೆ ಜನರ ಮುಖಕ್ಕಿಂತ ಅವರ ಕಾಲರಿನ ಒಳಭಾಗ ಚೆನ್ನಾಗಿ ಗೊತ್ತಿತ್ತು. ಯಾರು ಕುತ್ತಿಗೆ ಉಜ್ಜಿ ಸ್ನಾನ ಮಾಡುತ್ತಾರೆ, ಯಾರು ಮಾಡುವುದಿಲ್ಲ, ಯಾರ ಮನೆಯಲ್ಲಿ ಬಿದ್ದ ಗುಂಡಿ ಹೊಲಿದು ಕೊಡುವವರಿಲ್ಲ ಎಂಬುದೆಲ್ಲ ಗಂಟು ಬಿಚ್ಚಿದ ಕೂಡಲೇ ಅವಳಿಗೆ ತಿಳಿದುಬಿಡುತ್ತಿತ್ತು. ಆದರೆ ಅವಳು ಎಲ್ಲೂ ಬಾಯಿ ಬಿಡುತ್ತಿರಲಿಲ್ಲ. ಊರ ಕೊಳೆ ತೊಳೆಯುವವಳು ಊರ ಕೊಳೆ ಆಡಬಾರದು ಎನ್ನುವುದು ಅವಳ ನಿಯಮ.

ಲಾಂಡ್ರಿ ತಗ್ಗಿನ ಬೀದಿಯ ಕೊನೆಯಲ್ಲಿತ್ತು. ಮುಂದೆ ಇಸ್ತ್ರಿ ಮೇಜು, ಹಿಂದೆ ಬಟ್ಟೆ ನೆನೆಸುವ ಸಿಮೆಂಟಿನ ತೊಟ್ಟಿ, ಅದರಾಚೆ ಹಗ್ಗಗಳು. ಹತ್ತಾರು ಮನೆಗಳ ಬಟ್ಟೆ ಒಂದೇ ತೊಟ್ಟಿಯಲ್ಲಿ ನೆನೆದು, ಒಂದೇ ಹಗ್ಗದಲ್ಲಿ ಒಣಗಿ, ಒಂದೇ ಮೇಜಿನ ಮೇಲೆ ಮಡಿಕೆಯಾಗುತ್ತಿದ್ದವು. ಹಾಗಿದ್ದೂ ಒಬ್ಬರ ಕರ್ಚೀಫು ಇನ್ನೊಬ್ಬರ ಮನೆ ಸೇರಿದ್ದಿಲ್ಲ. ಅದಕ್ಕೆ ಕಾರಣ ಕೆಂಪು ದಾರ. ಹೊಸ ಬಟ್ಟೆ ಬಂದರೆ ಇಸ್ತ್ರಿ ಅಕ್ಕ ಸೂಜಿಗೆ ಕೆಂಪು ದಾರ ಪೋಣಿಸಿ, ಕಾಲರಿದ್ದರೆ ಕಾಲರಿನ ಒಳಗೆ, ಇಲ್ಲದಿದ್ದರೆ ಅಂಚಿನ ಒಳಗೆ, ಆ ಮನೆಯ ಗುರುತು ಹಾಕುತ್ತಿದ್ದಳು. ಬ್ಯಾಂಕಿನವರಿಗೆ ಒಂದು ಗುಣಿಸುವ ಚಿಹ್ನೆ. ಔಷಧಿ ಅಂಗಡಿಯವರಿಗೆ ಒಂದು ಏಣಿ. ಮೇಲಿನ ಬೀದಿಯ ಹೈಸ್ಕೂಲು ಮೇಷ್ಟ್ರಿಗೆ ಎರಡು ಅಡ್ಡಗೀರು, ನಡುವೆ ಒಂದು ಚುಕ್ಕೆ. ಎಲ್ಲವೂ ತಲೆಯಲ್ಲೇ ಇತ್ತು. ಇದು ನನ್ನ ಅಂಗಿಯಲ್ಲ ಎಂದು ಯಾರಾದರೂ ತಗಾದೆ ತೆಗೆದರೆ ಅವಳು ಮಾತಾಡದೆ ಕಾಲರು ಮಗುಚಿ ತೋರಿಸುತ್ತಿದ್ದಳು. ಮನುಷ್ಯ ಸುಳ್ಳು ಹೇಳಬಹುದು, ಗುರುತು ಹೇಳುವುದಿಲ್ಲ ಎನ್ನುತ್ತಿದ್ದಳು.

ಅವಳ ಗಂಡನನ್ನು ಬೀದಿಯವರು ಸಾಹೇಬ ಎಂದು ಕರೆಯುತ್ತಿದ್ದರು. ಅವನು ಯಾವ ಕಚೇರಿಗೂ ಸಾಹೇಬನಲ್ಲ. ಸೈಕಲ್ಲಿನ ಮೇಲೆ ಗಂಟು ಹೇರಿಕೊಂಡು ಮನೆಮನೆಗೆ ಬಟ್ಟೆ ಮುಟ್ಟಿಸುವುದು ಅವನ ಕೆಲಸ. ಹೆಸರು ಬಂದದ್ದು ಷೋಕಿಯಿಂದ. ಗಿರಾಕಿಗಳ ಅಂಗಿಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಒಂದು ಹೊತ್ತಿನ ಮಟ್ಟಿಗೆ ತೊಟ್ಟು, ಬೀದಿ ಸುತ್ತಿ ಬಂದು, ಸದ್ದಿಲ್ಲದೆ ಮತ್ತೆ ತೊಟ್ಟಿಗೆ ಹಾಕುತ್ತಿದ್ದ. ಅದರಲ್ಲೂ ಮೇಷ್ಟ್ರ ಅಂಗಿಗಳು ಅವನಿಗೇ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತಿದ್ದವು. ಒಮ್ಮೆ ಚಹಾದ ಅಂಗಡಿಯ ಮುಂದೆ ಮೇಷ್ಟ್ರೇ ಎದುರಾದರು. ಕನ್ನಡಕ ಸರಿಮಾಡಿಕೊಂಡು ಮೇಲಿಂದ ಕೆಳಗೆ ನೋಡಿ, "ಅಂಗಿ ನನಗೆ ಪರಿಚಯ ಇದೆ. ಒಳಗಿರೋರು ಯಾರು ಅಂತ ಗೊತ್ತಾಗ್ಲಿಲ್ಲ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಸಾಹೇಬನೂ ನಕ್ಕ.

ಇಸ್ತ್ರಿ ಅಕ್ಕ ನಗಲಿಲ್ಲ. ಅವಳ ಮಾನ ಹೋಗಿತ್ತು. ಮನೆಗೆ ಬಂದವನಿಗೆ ನೀರೂ ಕೊಡದೆ, ಇನ್ನು ಗಿರಾಕಿಗಳ ಬಟ್ಟೆ ಮೈಗೆ ತಾಗಿಸುವುದಿಲ್ಲ ಎಂದು ಆಣೆ ಹಾಕಿಸಿಕೊಂಡಳು. ಅವನು ಹಾಕಿದ. ಅವಳು ನಂಬಿದಳು. ನಂಬದಿದ್ದರೆ ಸಂಸಾರ ಸಾಗುತ್ತದೆಯೇ?

ಮನೆಯಲ್ಲಿ ಇನ್ನಿಬ್ಬರು. ಒಬ್ಬಳು ಶಾಲೆಗೆ ಹೋಗುವ ಮಗಳು ಪುಟ್ಟಿ, ಇನ್ನೊಬ್ಬಳು ಸಾಹೇಬನ ತಾಯಿ. ಮುದುಕಿಗೆ ಅರಳು ಮರಳು. ಮುಖಗಳು ಅವಳ ಕೈಬಿಟ್ಟು ಬಹಳ ಕಾಲವಾಗಿತ್ತು. ಈಗ ಅವಳು ಜನರನ್ನು ಗುರುತಿಸುತ್ತಿದ್ದದ್ದು ಬಟ್ಟೆಯಿಂದ. ಖಾಕಿ ಹಾಕಿಕೊಂಡು ಬಂದವರೆಲ್ಲ ಅವಳಿಗೆ ಅಂಚೆಯವರು. ಮಗ ಬನಿಯನ್ನಿನಲ್ಲಿದ್ದರೆ ಮಗ. ಇಸ್ತ್ರಿ ಮಾಡಿದ ಅಂಗಿ ಹಾಕಿ ಅವನೇ ಎದುರು ನಿಂತರೆ ಸೆರಗು ಸರಿಮಾಡಿಕೊಂಡು, "ಬನ್ನಿ, ಕೂತ್ಕೊಳಿ, ಅವನು ಹೊರಗೆ ಹೋಗಿದ್ದಾನೆ" ಎನ್ನುತ್ತಿದ್ದಳು. ಸಾಹೇಬ ಗಂಭೀರವಾಗಿ ಕೂತು, ಅವನು ಬಂದರೆ ನಾನು ಬಂದಿದ್ದೆ ಅಂತ ಹೇಳಿ ಎನ್ನುತ್ತಿದ್ದ. ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಇಸ್ತ್ರಿ ಅಕ್ಕನಿಗೆ ನೀರಿನ ಭಯ ಹತ್ತಿದ್ದು ಹಿಂದಿನ ಪ್ರವಾಹದಲ್ಲಿ. ಆಗ ಅವರ ಮನೆಗೆ ಮೊಣಕಾಲುದ್ದ ಮಾತ್ರ ನೀರು ಬಂದಿತ್ತು. ಎಲ್ಲರೂ ಒಟ್ಟಿಗೇ ಗುಡ್ಡದ ಶಾಲೆಯ ಶಿಬಿರ ಸೇರಿದ್ದರು. ಅಲ್ಲಿ ಒಬ್ಬ ಮುದುಕ ಕಂಬಕ್ಕೆ ಒರಗಿ ಕೂತಿದ್ದ. ಹೆಸರು ಕೇಳಿದರೆ ಗೊತ್ತಿಲ್ಲ, ಬೀದಿ ಕೇಳಿದರೆ ಗೊತ್ತಿಲ್ಲ. ಮನೆ ಎಲ್ಲಿ ಎಂದರೆ, ಅಲ್ಲೇ ಇದೆಯಲ್ಲ ಎಂದು ಗೋಡೆ ತೋರಿಸುತ್ತಿದ್ದ. ಕೊನೆಗೆ ಯಾವುದೋ ಜೀಪು ಬಂದು ಅವನನ್ನು ಯಾವುದೋ ಆಶ್ರಮಕ್ಕೆ ಕರೆದೊಯ್ದಿತು. ಮಾರನೆಯ ದಿನ ಅವನ ಮಗ ಬಂದ. ಅದೇ ರಸ್ತೆಯ ಇನ್ನೊಂದು ಶಿಬಿರದಲ್ಲೇ ಇದ್ದನಂತೆ. ಅವನು ಆ ಕಂಬವನ್ನು ಕೈಯಿಂದ ಸವರಿದ್ದನ್ನು ಇಸ್ತ್ರಿ ಅಕ್ಕ ನೋಡಿದಳು. ತಿರುಗಿ ತನ್ನ ಅತ್ತೆಯನ್ನು ನೋಡಿದಳು. ಮುದುಕಿ ಯಾರದೋ ಮಗುವಿಗೆ ತನ್ನ ಮಗನ ಹೆಸರಿಟ್ಟು ಕರೆಯುತ್ತಾ ಕೂತಿದ್ದಳು.

ಮನೆಗೆ ಮರಳಿದ ಮೇಲೆ ಅವಳು ಮಾಡಿದ ಮೊದಲ ಕೆಲಸ, ತನ್ನ ಮನೆಗೂ ಒಂದು ಗುರುತು ಮಾಡಿದ್ದು. ಅಲ್ಲಿಯವರೆಗೆ ಅವರ ಬಟ್ಟೆಗೆ ಗುರುತಿರಲಿಲ್ಲ. ಯಾವುದಕ್ಕೆ ಗುರುತಿಲ್ಲವೋ ಅದು ನಮ್ಮದು, ಅಷ್ಟೇ. ಈಗ ಒಂದೇ ಬುಡದಿಂದ ಹೊರಟ ಮೂರು ಹೊಲಿಗೆ ಹಾಕಿದಳು. ಕಾಗೆಕಾಲು ಎಂದು ಪುಟ್ಟಿ ಹೆಸರಿಟ್ಟಳು. ಅತ್ತೆಯ ಸೀರೆಗಳು, ಪುಟ್ಟಿಯ ಲಂಗ, ಸಾಹೇಬನ ಬನಿಯನ್ನಿನ ಅಂಚು, ಒಂದನ್ನೂ ಬಿಡಲಿಲ್ಲ. ಊರ ಬಟ್ಟೆಯೆಲ್ಲ ಒಂದೇ ತೊಟ್ಟಿಯಲ್ಲಿ ಬಿದ್ದು ಹೊರಳಾಡಿಯೂ ತಂತಮ್ಮ ಮನೆಗೆ ಮರಳುತ್ತದೆ. ಮನುಷ್ಯರು ಯಾಕೆ ಮರಳಬಾರದು ಎಂಬುದು ಅವಳ ವಾದ.

"ನಾನೇನು ಕಳೆದುಹೋಗೋ ಕಾಲುಚೀಲನಾ?" ಎಂದ ಸಾಹೇಬ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದ್ದೆ. ಗಂಡ ಮುಳುಗೋ ಮುಂಚೆ ಚೀಟಿ ಅಂಟಿಸೋಳನ್ನ ಇವತ್ತೇ ನೋಡಿದ್ದು."

ಅವಳು ಅವನ ಕೊಂಕಿಗೆ ಕಿವಿಗೊಡಲಿಲ್ಲ. ನಿಯಮ ಹೇಳಿಕೊಟ್ಟಳು. ನೀರು ಬಂದರೆ ಎಲ್ಲರೂ ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಕೆಳಗೆ ಸೇರಬೇಕು. ಪುಟ್ಟಿಯ ಶಾಲೆ ಹೇಗೂ ಅದರ ಮಗ್ಗುಲಲ್ಲೇ ಇದೆ, ಅವಳು ಅಲ್ಲಿಂದ ಕದಲಬಾರದು. ಅತ್ತೆಯನ್ನು ಕರೆತರುವುದು ಸಾಹೇಬನ ಜವಾಬ್ದಾರಿ. ಅವಳನ್ನು ಎತ್ತುವ ಶಕ್ತಿ ಇರುವುದು ಅವನಿಗೊಬ್ಬನಿಗೇ. ತಾನು ಲಾಂಡ್ರಿಯಿಂದ ಸೀದಾ ಬರುವುದು. ಇವೆಲ್ಲಕ್ಕಿಂತ ದೊಡ್ಡ ನಿಯಮ, ಯಾರೂ ಯಾರನ್ನೂ ಹುಡುಕಿಕೊಂಡು ಹೋಗಬಾರದು. ಒಬ್ಬರನ್ನು ಹುಡುಕಲು ಹೋಗಿ ಇನ್ನೊಬ್ಬರು ಕಳೆದುಹೋಗುವುದೇ ಪ್ರವಾಹದ ಕತೆ. ಇದನ್ನು ಅವಳು ಪುಟ್ಟಿಯಿಂದ ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದಳು. ಸಾಹೇಬನ ಬಾಯಲ್ಲೂ ಹೇಳಿಸಿದಳು. ಒಂದು ರಜೆಯ ದಿನ ಎಲ್ಲರನ್ನೂ ಬೇರೆ ಬೇರೆ ಕಡೆಯಿಂದ ಟ್ಯಾಂಕಿಗೆ ನಡೆಸಿಯೂ ನೋಡಿದಳು. ಸಾಹೇಬ ತಾಯಿಯನ್ನು ಬೆನ್ನಿನ ಮೇಲೆ ಹೊತ್ತುಕೊಂಡು ಬಂದ. ಮುದುಕಿ ದಾರಿಯುದ್ದಕ್ಕೂ, ಒಳ್ಳೆಯ ಕೂಲಿಯವನಪ್ಪ, ಕೈ ಬಿಚ್ಚಿ ಕೊಡಬೇಕು ಎಂದು ಹೊಗಳುತ್ತಿದ್ದಳಂತೆ.

ನೀರು ಬಂದದ್ದು ಒಂದು ಸಾಧಾರಣ ಮಧ್ಯಾಹ್ನ. ಮಳೆ ಅಂದು ಊರಲ್ಲಿ ಇರಲೂ ಇಲ್ಲ, ಎಲ್ಲ ಹೊಳೆಯ ಮೇಲಿನ ಸೀಮೆಯಲ್ಲಿ ಸುರಿದಿತ್ತು. ಸಾಹೇಬ ಬೆಳಿಗ್ಗೆಯೇ ಗಂಟು ಕಟ್ಟಿಕೊಂಡು ಹೋಗಿದ್ದ. ಪುಟ್ಟಿಯ ಶಾಲೆಯಲ್ಲಿ ತಂದೆತಾಯಿಗಳ ಸಭೆ ಇತ್ತು. ಬಟ್ಟೆ ಮುಟ್ಟಿಸಿ ಹಾಗೇ ಅಲ್ಲಿಗೂ ಹೋಗಿ, ಆಮೇಲೆ ಮನೆಗೆ ಬಂದು ತಾಯಿಗೆ ಊಟ ಕೊಡುವುದೆಂದು ಮಾತಾಗಿತ್ತು. ಇಸ್ತ್ರಿ ಅಕ್ಕ ಒಂದು ಪ್ಯಾಂಟಿನ ಗೆರೆ ಕೂರಿಸುತ್ತಿದ್ದಾಗ ಬೀದಿಯಲ್ಲಿ ಜನ ಓಡಿದರು. ಒಡ್ಡು ಒಡೆಯಿತು ಎಂದರು. ಅವಳು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೊಸಿಲಿಗೆ ಬರುವಷ್ಟರಲ್ಲಿ ಚರಂಡಿ ಹಿಮ್ಮುಖವಾಗಿ ಹರಿಯುತ್ತಿತ್ತು.

ಎಡಕ್ಕೆ ಹೋದರೆ ಮನೆ, ಬಲಕ್ಕೆ ಗುಡ್ಡ. ಅವಳು ಒಂದು ಕ್ಷಣ ನಿಂತಳು. ಮನೆಯಲ್ಲಿ ಅತ್ತೆ ಇದ್ದಳು, ಆದರೆ ಅತ್ತೆ ಸಾಹೇಬನ ಪಾಲು. ಒಬ್ಬರಿಗಾಗಿ ಇಬ್ಬರು ಹೋದರೆ ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತೇವೆ ಎಂದು ತಾನೇ ಹೇಳಿಕೊಟ್ಟಿದ್ದಳು. ಅವಳು ಬಲಕ್ಕೆ ತಿರುಗಿದಳು. ನಿಯಮವನ್ನು ಅವಳಷ್ಟು ಚಾಚೂ ತಪ್ಪದೆ ಪಾಲಿಸಿದವರು ಯಾರೂ ಇಲ್ಲ.

ಟ್ಯಾಂಕಿನ ಕೆಳಗೆ ಪುಟ್ಟಿ ಇದ್ದಳು. ಅಪ್ಪ ಸಭೆಗೆ ಬಂದು ಹೋದ ಎಂದಳು. ಇಬ್ಬರೂ ಕಾದರು. ಕೆಳಗೆ ತಗ್ಗಿನ ಬೀದಿಯ ಮನೆಗಳು ಮೊದಲು ಕಿಟಕಿ ಕಳೆದುಕೊಂಡವು, ಆಮೇಲೆ ಬಾಗಿಲು, ಆಮೇಲೆ ಹೆಂಚು ಮಾತ್ರ ಉಳಿಯಿತು. ಸಾಹೇಬನೂ ಬರಲಿಲ್ಲ, ಅತ್ತೆಯೂ ಬರಲಿಲ್ಲ. ಫೋನುಗಳೆಲ್ಲ ಸತ್ತಿದ್ದವು.

ಶಿಬಿರದಲ್ಲಿ ಇಸ್ತ್ರಿ ಅಕ್ಕ ಅಳುತ್ತಾ ಕೂರಲಿಲ್ಲ. ಅಧಿಕಾರಿಯ ಹತ್ತಿರ ಹೋಗಿ, ನಮ್ಮ ಅತ್ತೆಗೆ ಹೆಸರು ಹೇಳಲು ಬರುವುದಿಲ್ಲ, ಸೀರೆಯ ಅಂಚು ಮಗುಚಿ ನೋಡಲು ಹೇಳಿ, ಕಾಗೆಕಾಲಿನ ಹಾಗೆ ಕೆಂಪು ಹೊಲಿಗೆ ಇರುತ್ತದೆ ಎಂದಳು. ಅವನು ವೈರ್‌ಲೆಸ್ಸಿನಲ್ಲಿ ಹೇಳಿದ. ನಂಬಿ ಹೇಳಿದನೋ, ಅವಳನ್ನು ಸಾಗಹಾಕಲು ಹೇಳಿದನೋ. ಆದರೆ ಊರಾಚೆಯ ಧಾನ್ಯದ ಗೋದಾಮಿನ ಶಿಬಿರದಲ್ಲಿ ಒಬ್ಬಳು ನರ್ಸು ಹೆಸರು ಹೇಳದ ಮುದುಕಿಯೊಬ್ಬಳ ಅಂಚು ಮಗುಚಿದಳು. ಗುರುತು ಇತ್ತು.

ಅತ್ತೆಯನ್ನು ಜೀಪಿನಲ್ಲಿ ಕರೆತಂದಾಗ ಇಸ್ತ್ರಿ ಅಕ್ಕನಿಗೆ ಆದದ್ದು ಸಂತೋಷವೋ ಹೆಮ್ಮೆಯೋ ಹೇಳುವುದು ಕಷ್ಟ. ಶಿಬಿರವೆಲ್ಲ ಅವಳ ಬುದ್ಧಿಯನ್ನು ಹೊಗಳಿತು. ಅವಳು ಅತ್ತೆಯ ಮುಂದೆ ಕುಕ್ಕರಿಸಿ, ನಿಮ್ಮನ್ನು ಮನೆಯಿಂದ ಯಾರು ಕರೆತಂದರು, ನಿಮ್ಮ ಮಗ ಎಲ್ಲಿ ಎಂದು ಮತ್ತೆ ಮತ್ತೆ ಕೇಳಿದಳು.

"ಅವನೆಲ್ಲಿ ಬಂದ? ಅವನು ಬರಲೇ ಇಲ್ಲ. ಯಾರೋ ದೊಡ್ಡ ಮನುಷ್ಯರು ಬಂದರು. ಗೀರಿನ ಅಂಗಿ, ಗರಿಗರಿ ಇಸ್ತ್ರಿ. ಮೇಷ್ಟ್ರ ಹಾಗಿದ್ದರು. ನನ್ನ ಎತ್ತಿ ಟ್ರ್ಯಾಕ್ಟರಿಗೆ ಹಾಕಿದರು ಪಾಪ."

"ಆಮೇಲೆ ಅವರೆಲ್ಲಿ ಹೋದ್ರು?"

"ಅವಳು ಇನ್ನೂ ಅಲ್ಲೇ ಇರ್ತಾಳೆ, ಕರ್ಕೊಂಡು ಬರ್ತೀನಿ ಅಂತ ಇಳಿದು ಹೋದರು. ಹೆಂಡತಿ ಮೇಲೆ ಜೀವ."

ಗೀರಿನ ಅಂಗಿ ಎಂದರೆ ಮೇಷ್ಟ್ರದು. ಅಂದು ಬೆಳಿಗ್ಗೆ ಹೋದ ಗಂಟಿನಲ್ಲಿ ಅದು ಇತ್ತು. ಮೇಷ್ಟ್ರ ಹೆಂಡತಿಯೂ ಅದೇ ಶಿಬಿರದಲ್ಲಿ ಇದ್ದಳು. ಅವಳ ಗಂಡ ಅಂದು ನಸುಕಿನಲ್ಲೇ ಪರೀಕ್ಷೆಯ ಪೇಪರು ತಿದ್ದಲು ಪಕ್ಕದ ಪಟ್ಟಣಕ್ಕೆ ಹೊರಟವರು. ಹೋಗುವಾಗ, ಲಾಂಡ್ರಿಯಲ್ಲಿ ಗೀರಿನ ಅಂಗಿ ಇಸಿದುಕೊಂಡು ಬಸ್ಸು ಹತ್ತುತ್ತೇನೆ ಎಂದಿದ್ದರು. ಆಮೇಲೆ ಸುದ್ದಿಯಿಲ್ಲ, ಆ ಪಟ್ಟಣದ ಸೇತುವೆಯೂ ಕೊಚ್ಚಿಹೋಗಿತ್ತು. ಅತ್ತೆ ಹೇಳಿದ್ದನ್ನು ಇಸ್ತ್ರಿ ಅಕ್ಕ ಅವಳಿಗೆ ಹೇಳಿ, "ನಿಮ್ಮ ಯಜಮಾನರು ನಮ್ಮ ಅತ್ತೆ ಜೀವ ಉಳಿಸಿದ್ರು ಅಮ್ಮಾವ್ರೇ" ಎಂದು ಕೈ ಹಿಡಿದುಕೊಂಡಳು. ಮೇಷ್ಟ್ರ ಹೆಂಡತಿ ಆ ಮಾತಿನಲ್ಲಿ ಬೇರೆಯದನ್ನು ಕೇಳಿಸಿಕೊಂಡಳು. ನೀರಿನ ಸುದ್ದಿ ಕೇಳಿ ಅರ್ಧ ದಾರಿಯಿಂದ ವಾಪಸು ಬಂದರು, ನನ್ನನ್ನು ಹುಡುಕಿಕೊಂಡು ಹೋದರು ಎಂದು ಅತ್ತಳು. ಅಷ್ಟು ವರ್ಷದ ಸಂಸಾರದಲ್ಲಿ ಒಂದು ದಿನ ನೆಟ್ಟಗೆ ಮಾತಾಡಿಸದ ಮನುಷ್ಯ ಎಂದೂ ಹೇಳಿದಳು.

ನೀರು ಇಳಿಯತೊಡಗಿದ ಮೇಲೆ ಹೆಣಗಳು ಸಿಕ್ಕವು. ಬಸ್ಸಿನ ಶೆಡ್ಡಿನಲ್ಲಿ ಇಟ್ಟಿದ್ದರು. ಮುಖ ನೋಡಿ ಹೇಳುವ ಸ್ಥಿತಿ ಇರಲಿಲ್ಲ, ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಅಧಿಕಾರಿಗೆ ಕಾಗೆಕಾಲು ನೆನಪಾಯಿತು. ಇಸ್ತ್ರಿ ಅಕ್ಕನನ್ನು ಕರೆಸಿದ. ಬೀದಿಯ ಗುರುತುಗಳೆಲ್ಲ ಬಾಯಿಪಾಠ ಎಂದು ತಿಳಿದಾಗ ಅವನೇ ಎದ್ದು ಕುರ್ಚಿ ಹಾಕಿದ. ಕಾಲರಿನ ಒಳಗೆ ನೋಡಿ, ಕೆಂಪು ದಾರ ಇದ್ದರೆ ಅಷ್ಟನ್ನು ಕತ್ತರಿಸಿ ತನ್ನಿ, ಬೇರೆಲ್ಲೂ ನೋಡಬೇಕಾಗಿಲ್ಲ ಎಂದು ಅವಳೇ ಹೇಳಿಕೊಟ್ಟಳು. ಕಾಲರಿಲ್ಲದವರ ಅಂಚು ನೋಡಿ ಎಂದಳು. ಕೆಲಸದವರು ಹಾಗೇ ಮಾಡಿದರು. ಅವಳು ಶೆಡ್ಡಿನ ಹೊರಗೆ ಮೇಜಿನ ಮುಂದೆ ಕೂತು ಬಟ್ಟೆಯ ತುಂಡುಗಳನ್ನು ಒಂದೊಂದೇ ಬಿಡಿಸಿದಳು. ಏಣಿ ಬಂತು. ಔಷಧಿ ಅಂಗಡಿಯವರ ಮನೆ ಎಂದಳು. ಪ್ರತಿ ತುಂಡು ಬಿಡಿಸುವ ಮೊದಲು ಕಾಗೆಕಾಲು ಆಗದಿರಲಿ ಎಂದುಕೊಳ್ಳುತ್ತಿದ್ದಳು, ಅಲ್ಲವೆಂದು ಕಂಡಾಗ ಮುಂದಿನದಕ್ಕೆ ಕೈ ಹಾಕುತ್ತಿದ್ದಳು. ಬೇರೆಯವರ ಸಾವಿನಿಂದ ತನಗೆ ನೆಮ್ಮದಿಯಾಗುತ್ತಿದೆ ಎಂದು ಅವಳಿಗೆ ನಾಚಿಕೆಯೂ ಆಯಿತು.

ಆಮೇಲೆ ಗೀರಿನ ಬಟ್ಟೆಯ ತುಂಡೊಂದು ಬಂತು. ಎರಡು ಅಡ್ಡಗೀರು, ನಡುವೆ ಚುಕ್ಕೆ.

ಅವಳಿಗೆ ಬೇರೆ ಯೋಚನೆ ಬರಲೇ ಇಲ್ಲ ಎಂದರೆ ಸುಳ್ಳಾದೀತು. ಬಂದಿತ್ತು. ಬಾಗಿಲಲ್ಲಿ ನಿಂತಿತ್ತು. ಅವಳು ಒಳಗೆ ಕರೆಯಲಿಲ್ಲ. ಗಂಡ ಆಣೆ ಹಾಕಿದ್ದ, ಅಂಗಿಯನ್ನು ದಾರಿಯಲ್ಲೇ ಮೇಷ್ಟ್ರಿಗೆ ಮುಟ್ಟಿಸಿರುತ್ತಾನೆ, ಅತ್ತೆಯನ್ನು ಎತ್ತಿದ್ದು ದೊಡ್ಡ ಮನುಷ್ಯರು. ಎಲ್ಲ ಒಂದಕ್ಕೊಂದು ಕೂಡುತ್ತಿತ್ತು. ಮೇಷ್ಟ್ರ ಹೆಂಡತಿಯನ್ನು ಕರೆಸಿದರು. ಅವಳು ಆ ತುಂಡನ್ನು ಮುಟ್ಟದೆ ನೋಡಿ, "ಖಂಡಿತನಾ?" ಎಂದು ಒಂದೇ ಮಾತು ಕೇಳಿದಳು.

"ಗುರುತು ಸುಳ್ಳು ಹೇಳಲ್ಲ ಅಮ್ಮಾವ್ರೇ" ಎಂದಳು ಇಸ್ತ್ರಿ ಅಕ್ಕ.

ಗುಡ್ಡದ ಹಿಂದೆ ಮಣ್ಣು ಮಾಡಿದರು. ಮೇಷ್ಟ್ರ ಹೆಸರು ಬರೆದ ಹಲಗೆ ನೆಟ್ಟರು. ಒಬ್ಬರು, ಪರರಿಗಾಗಿ ಪ್ರಾಣ ಕೊಟ್ಟವರು ಎಂದು ಮಾತಾಡಿದರು. ಇಸ್ತ್ರಿ ಅಕ್ಕ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದಳು. ಕೈಲಿದ್ದ ಮಣ್ಣು ಹಾಕುವಾಗ ಅವಳು ಮನಸ್ಸಿನಲ್ಲೇ, ನಿಮ್ಮ ಋಣ ತೀರಿಸಲಾರೆ ಎಂದುಕೊಂಡಳು. ಮುದುಕಿ ಯಾರು ಹೋದದ್ದು ಎಂದು ಕೇಳಿದಳು. ಮೇಷ್ಟ್ರು ಎಂದರೆ, ಅಯ್ಯೋ, ಯಾವ ತಾಯಿಯ ಮಗನೋ ಎಂದಳು.

ಶೆಡ್ಡಿನಲ್ಲಿ ಕಾಗೆಕಾಲು ಸಿಗಲಿಲ್ಲ. ಅದೇ ಇಸ್ತ್ರಿ ಅಕ್ಕನ ಆಸೆ. ಸತ್ತವರಲ್ಲಿ ಇಲ್ಲ ಎಂದರೆ ಬದುಕಿದವರಲ್ಲಿ ಇದ್ದಾನೆ ಎಂದು ಅವಳು ಪುಟ್ಟಿಗೆ ಹೇಳಿದಳು. ಎಲ್ಲೋ ದೂರದ ಶಿಬಿರದಲ್ಲಿ ಕಾಲು ಮುರಿದುಕೊಂಡು ಮಲಗಿರಬಹುದು, ಯಾರದೋ ಅಂಗಿ ಹಾಕಿಕೊಂಡು ಮೆರೆಯುತ್ತಿರಲೂಬಹುದು ಎಂದು ನಗಿಸಲು ನೋಡಿದಳು. ಪುಟ್ಟಿ ನಗಲಿಲ್ಲ. ಆ ಹುಡುಗಿ ಕೆಲವು ದಿನಗಳಿಂದ ತಾಯಿಯ ಕಣ್ಣು ತಪ್ಪಿಸುತ್ತಿದ್ದಳು. ಹೆದರಿಕೆ ಎಂದುಕೊಂಡು ಇಸ್ತ್ರಿ ಅಕ್ಕ ಸುಮ್ಮನಾಗಿದ್ದಳು.

ಶಿಬಿರದಿಂದ ಮರಳಿದಾಗ ಮನೆಯ ಗೋಡೆ ನಿಂತಿತ್ತು. ತಾಯಿ ಮಗಳು ಲಾಂಡ್ರಿಯ ಕೆಸರು ಬಾಚುತ್ತಿದ್ದ ಒಂದು ಬೆಳಿಗ್ಗೆ ಬಾಗಿಲಿಗೆ ನೆರಳು ಬಿತ್ತು. ಮೇಷ್ಟ್ರು ನಿಂತಿದ್ದರು. ಗಡ್ಡ ಬೆಳೆದಿತ್ತು, ಕೈಯಲ್ಲಿ ಹೋಗುವಾಗ ಒಯ್ದ ಚೀಲವೇ ಇತ್ತು. ಆ ಪಟ್ಟಣದ ಲಾಡ್ಜಿನ ಮಹಡಿಯಲ್ಲಿ ನೀರಿಳಿಯುವ ತನಕ ಕೂತಿದ್ದೆ, ರಸ್ತೆ ತೆರೆದ ಮೇಲೆ ಬಂದೆ ಎಂದರು. ಕಣ್ಣಲ್ಲಿ ಇನ್ನೂ ಗಾಬರಿ ಇತ್ತು, ಆದರೂ ಹಳೆಯ ಚಾಳಿ ಬಿಡಲಿಲ್ಲ.

"ನನ್ನನ್ನ ಗುರುತು ಹಿಡಿದು ಮಣ್ಣು ಮಾಡಿಸಿದ್ದು ನೀನಂತೆ. ಉಪಕಾರ ಆಯ್ತು. ಆದರೆ ಆ ಗೀರಿನ ಅಂಗಿ ನನ್ನ ಕೈಗೆ ಬರಲೇ ಇಲ್ಲವಲ್ಲಮ್ಮ. ಅವತ್ತು ನಿನ್ನ ಅಂಗಡಿ ತೆಗೆದಿರಲಿಲ್ಲ. ಬಸ್ಸು ತಪ್ಪುತ್ತೆ ಅಂತ ಹಾಗೇ ಹೋದೆ."

ಇಸ್ತ್ರಿ ಅಕ್ಕ ಸಲಿಕೆ ಹಿಡಿದೇ ನಿಂತಳು. ಆಗ ಹಿಂದಿನಿಂದ ಪುಟ್ಟಿ ಮಾತಾಡಿದಳು, ಕೆಸರಿನ ಬುಟ್ಟಿಗೆ ಹೇಳುವ ಹಾಗೆ.

"ಅಪ್ಪ ಹಾಕ್ಕೊಂಡಿದ್ದ. ನಾನೇ ಹೇಳಿದ್ದು. ಸಭೆಗೆ ಎಲ್ಲರ ಅಪ್ಪಂದಿರೂ ಚೆನ್ನಾಗಿ ಬರ್ತಾರೆ, ನೀನೂ ಚೆನ್ನಾಗಿರೋದು ಹಾಕ್ಕೊಂಡು ಬಾ ಅಂದಿದ್ದೆ. ಅಮ್ಮಂಗೆ ಹೇಳಬೇಡ ಅಂದ."

ಮೇಷ್ಟ್ರು ಚೀಲವನ್ನು ಹೆಗಲಿಗೇರಿಸಿಕೊಂಡು ಹೋದರು. ಇಸ್ತ್ರಿ ಅಕ್ಕ ಮಗಳಿಗೆ ಬೈಯಲಿಲ್ಲ, ಹೊಡೆಯಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ಕೆಸರು ಬಾಚುವುದನ್ನು ಮುಂದುವರಿಸಿದಳು. ಅವಳ ತಲೆಯಲ್ಲಿ ಅತ್ತೆಯ ಮಾತು ಸುತ್ತುತ್ತಿತ್ತು. ಅವಳು ಇನ್ನೂ ಅಲ್ಲೇ ಇರ್ತಾಳೆ, ಕರ್ಕೊಂಡು ಬರ್ತೀನಿ. ಆ ಅವಳು ಯಾರು ಎಂದು ಈಗ ಗೊತ್ತಾಯಿತು. ಅವನು ಇಲ್ಲಿಗೆ, ಈ ಲಾಂಡ್ರಿಗೆ ಬಂದಿದ್ದ. ತಾನು ಆ ಹೊತ್ತಿಗೆ ಟ್ಯಾಂಕಿನ ಕೆಳಗೆ, ಒಣ ನೆಲದ ಮೇಲೆ, ನಿಯಮದ ಪ್ರಕಾರ ಕೂತಿದ್ದಳು. ಬಾಯಿಪಾಠ ಮಾಡಿಸಿದ ಅಷ್ಟು ಮಾತಿನಲ್ಲಿ ಅವನು ಒಂದನ್ನೇ ಮುರಿದಿದ್ದ. ಅವನನ್ನು ಅದಕ್ಕಾಗಿ ಬೈಯಬೇಕೆನಿಸಿತು. ಬೈಯಲು ಅವನಿರಲಿಲ್ಲ.

ಸಂಜೆ ಮೇಷ್ಟ್ರ ಹೆಂಡತಿ ಬಂದಳು. ಗಂಡ ಬದುಕಿ ಬಂದವಳ ಮುಖ ಹೇಗಿರಬೇಕೋ ಹಾಗಿರಲಿಲ್ಲ. ಹೊಸಿಲ ಮೇಲೆ ಕೂತು, "ನನ್ನ ಗಂಡ ಬದುಕಿ ಬಂದ. ಹುಡುಕಿಕೊಂಡು ಬಂದವನು ನಿನ್ನ ಗಂಡ" ಎಂದಳು. ಅದು ಸಮಾಧಾನವೋ ಹೊಟ್ಟೆಕಿಚ್ಚೋ ಅವಳಿಗೇ ಗೊತ್ತಿರಲಿಕ್ಕಿಲ್ಲ. ಏಳುವಾಗ, ನಮ್ಮ ಬಟ್ಟೆಗಳಿಗೆ ಇನ್ನು ಆ ಗುರುತು ಬೇಡ, ನೋಡಿದರೆ ಮೈ ಜುಮ್ಮೆನ್ನುತ್ತದೆ, ಬೇರೆ ಹಾಕು ಎಂದಳು.

ಇಸ್ತ್ರಿ ಅಕ್ಕ ಕಚೇರಿಗೆ ಹೋದಳು. ಅಂದು ಕುರ್ಚಿ ಹಾಕಿದ ಅಧಿಕಾರಿಯೇ ಇದ್ದ. ಈ ಸಲ ಕುರ್ಚಿ ಹಾಕಲಿಲ್ಲ. ಮೇಷ್ಟ್ರು ಬಂದ ಸುದ್ದಿ ಅವನಿಗೆ ಮುಟ್ಟಿತ್ತು. ಮೇಲಿನವರಿಂದ ಬೈಗುಳವೂ ಮುಟ್ಟಿತ್ತು.

"ಅವತ್ತು ಮೇಷ್ಟ್ರು ಅಂದ್ರಿ. ಇವತ್ತು ನನ್ನ ಗಂಡ ಅಂತೀರಿ. ನಾಳೆ ಇನ್ನೊಬ್ಬರನ್ನ ಕರ್ಕೊಂಡು ಬರ್ತೀರಾ?"

"ಅಂಗಿ ಮಾತ್ರ ಮೇಷ್ಟ್ರದು ಸಾರ್. ಒಳಗಿದ್ದಿದ್ದು ನಮ್ಮೋರು."

"ಅದಕ್ಕೆ ಗುರುತೇನು?"

ಅವಳ ಹತ್ತಿರ ಉತ್ತರವಿತ್ತು. ಬನಿಯನ್ನಿನ ಅಂಚು. ಮಣ್ಣು ಮಾಡಿದವನನ್ನು ಕರೆಸಿ ಕೇಳಿ, ಅಂಗಿಯ ಕೆಳಗೆ ಬನಿಯನ್ನು ಇತ್ತೇ, ಅದರ ಅಂಚಿನಲ್ಲಿ ಕೆಂಪು ದಾರ ಇತ್ತೇ ಎಂದಳು. ಅವನು ವರಾಂಡದಲ್ಲೇ ಬೀಡಿ ಸೇದುತ್ತಾ ನಿಂತಿದ್ದ. ಕರೆದಾಗ ಬೀಡಿ ಆರಿಸಿ ಬಂದು ತಲೆ ಕೆರೆದುಕೊಂಡ.

"ಬನಿಯನ್ ಇತ್ತು ಅನ್ಸುತ್ತೆ ಅಕ್ಕ. ನಾವು ಅದನ್ನ ನೋಡ್ಲಿಲ್ಲ. ಕಾಲರಲ್ಲಿ ಇದ್ರೆ ಬೇರೆಲ್ಲೂ ನೋಡಬೇಡಿ ಅಂತ ನೀವೇ ಹೇಳಿದ್ರಲ್ಲ."

ಮಣ್ಣು ತೆಗೆದು ನೋಡಲು ಯಾರೂ ಒಪ್ಪಲಿಲ್ಲ. ಒಂದಕ್ಕೆ ತೆಗೆದರೆ ಎಲ್ಲರೂ ತೆಗೆಯಿರಿ ಎನ್ನುತ್ತಾರೆ ಎಂದರು. ಅವರು ಮಾಡಿದ್ದು ಇಷ್ಟೇ. ಹಲಗೆಯ ಮೇಲಿದ್ದ ಮೇಷ್ಟ್ರ ಹೆಸರಿಗೆ ಬಣ್ಣ ಬಳಿದು ಅಳಿಸಿದರು. ಅದರ ಮೇಲೆ, ಗುರುತು ಸಿಗದ ಗಂಡಸು, ಎಂದು ಬರೆದರು. ಊರಿಗೆಲ್ಲ ಗುರುತು ಹಾಕಿಕೊಟ್ಟವಳ ಗಂಡ ಹೀಗೆ ಮಲಗಿದ. ಸರಕಾರದ ಪ್ರಕಾರ ಅವನು ಇನ್ನೂ ಕಾಣೆಯಾದವರಲ್ಲಿ ಒಬ್ಬ. ಚಹಾದ ಅಂಗಡಿಯಲ್ಲಿ ಕೂತವರು, ಸಾಹೇಬ ಸಾಯುವಾಗಲೂ ಬೇರೆಯವರ ಅಂಗಿಯಲ್ಲೇ ಸತ್ತ ಎಂದರು. ನಗಬೇಕೆಂದು ಹೇಳಿದ್ದಲ್ಲ, ಆದರೂ ಒಬ್ಬಿಬ್ಬರು ನಕ್ಕರು.

ಅತ್ತೆಗೆ ಹೇಳಿ ಪ್ರಯೋಜನವಿರಲಿಲ್ಲ. ಅವಳು ಈಗಲೂ ಸಂಜೆಯಾದರೆ ಬಾಗಿಲು ನೋಡುತ್ತಾ, ಅವನು ಹೊರಗೆ ಹೋಗಿದ್ದಾನೆ, ಬರ್ತಾನೆ ಎನ್ನುತ್ತಾಳೆ. ಮನೆಯಲ್ಲಿ ನೆಮ್ಮದಿಯಾಗಿ ಇರುವವಳು ಅವಳೊಬ್ಬಳೇ.

ಲಾಂಡ್ರಿ ಮತ್ತೆ ತೆರೆಯಿತು. ಕೆಸರು ತುಂಬಿದ ಊರಲ್ಲಿ ಒಗೆಯುವವರಿಗೆ ಕೆಲಸಕ್ಕೇನು ಬರ! ಮೇಷ್ಟ್ರ ಮನೆಯ ಗಂಟು ಮೊದಲು ಬಂದವುಗಳಲ್ಲಿ ಒಂದು. ಇಸ್ತ್ರಿ ಅಕ್ಕ ಮೇಷ್ಟ್ರ ಹೆಂಡತಿ ಹೇಳಿದ ಹಾಗೆ ಪ್ರತಿ ಕಾಲರಿನಿಂದ ಎರಡು ಅಡ್ಡಗೀರು, ನಡುವಿನ ಚುಕ್ಕೆ ಬಿಚ್ಚಿ ತೆಗೆದು, ಹೊಸದಾಗಿ ಒಂದು ಬಾಗಿಲಿನ ಆಕಾರ ಹಾಕಿದಳು. ಅದು ಮುಗಿದ ಮೇಲೂ ಸೂಜಿ ಕೆಳಗಿಡಲಿಲ್ಲ. ಮನೆಗೆ ಹೋಗಿ ಪುಟ್ಟಿಯ ಲಂಗ, ಅತ್ತೆಯ ಸೀರೆ, ತನ್ನ ರವಿಕೆ ತಂದು ಮಡಿಲಲ್ಲಿ ಹಾಕಿಕೊಂಡಳು. ಕಾಗೆಕಾಲನ್ನು ಒಂದೊಂದೇ ಹೊಲಿಗೆಯಾಗಿ ಕಿತ್ತಳು. ಆ ಜಾಗದಲ್ಲಿ ಎರಡು ಅಡ್ಡಗೀರು ಹಾಕತೊಡಗಿದಳು.

ಪುಟ್ಟಿ ಪಕ್ಕದಲ್ಲಿ ಬಂದು ನಿಂತಳು. "ಅದು ಮೇಷ್ಟ್ರ ಮನೇದಲ್ವಾ?"

"ಅವರು ಬೇಡ ಅಂದ್ರು. ನಿಮ್ಮಪ್ಪ ಅದನ್ನೇ ಹಾಕ್ಕೊಂಡು ಹೋಗಿದ್ದಾರೆ. ಇನ್ಮೇಲೆ ಇದೇ ನಮ್ಮ ಮನೇದು."

ಹುಡುಗಿ ಸ್ವಲ್ಪ ಹೊತ್ತು ದಾರ ಹೋಗಿ ಬರುವುದನ್ನು ನೋಡಿದಳು. ಆಮೇಲೆ, ಇನ್ನೊಂದು ಸಲ ನೀರು ಬಂದರೆ ಟ್ಯಾಂಕಿಗೇ ಹೋಗಬೇಕಾ ಎಂದು ಕೇಳಿದಳು. ಇಸ್ತ್ರಿ ಅಕ್ಕ ಹೌದೆಂದಳು.

"ಯಾರನ್ನೂ ಹುಡುಕಬಾರದಾ?"

ಇಸ್ತ್ರಿ ಅಕ್ಕ ಚುಕ್ಕೆಯ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕತ್ತರಿಸಿದಳು.

"ಹುಡುಕಬಾರದು" ಎಂದಳು. ಲಂಗವನ್ನು ಮಗಳ ಕೈಗೆ ಕೊಟ್ಟು, ಅತ್ತೆಯ ಸೀರೆಯ ಅಂಚು ಮಗುಚಿದಳು.